ಅಂಗನವಾಡಿಗೆ ಬೇಕಿರುವುದು ಹೊಸ ಹೆಸರಲ್ಲ, ಇನ್ನೊಬ್ಬ ಟೀಚರ್

ಕಾಲೇಜಿನ ಎನ್‌ಎಸ್‌ಎಸ್ ಶಿಬಿರಕ್ಕೆಂದು ಹಳ್ಳಿಯೊಂದಕ್ಕೆ ಹೋಗಿದ್ದಾಗ ನಮ್ಮ ತಂಡಕ್ಕೆ ಸಿಕ್ಕ ಕೆಲಸ ಅಂಗನವಾಡಿಯ ಗೋಡೆಗೆ ಬಣ್ಣ ಬಳಿಯುವುದು. ಮೂರು ದಿನ ಅಲ್ಲೇ ಇದ್ದೆವು. ನಾವು ಗೋಡೆಯ ಮೇಲೆ ಅ ಆ ಇ ಈ ಬರೆಯುತ್ತಿದ್ದರೆ, ಒಳಗೆ ಟೀಚರ್ ಮೊಬೈಲ್ ಹಿಡಿದು ಪುಷ್ಟಿ ಪೊಟ್ಟಣಕ್ಕೆ ಬಂದ ತಾಯಿಯೊಬ್ಬರ ಮುಖದ ಫೋಟೊ ತೆಗೆಯಲು ಹೆಣಗುತ್ತಿದ್ದರು. ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಸಹಾಯಕಿ ಒಲೆಯ ಮುಂದಿದ್ದರು. ಹದಿನೈದು ಮಕ್ಕಳು ಚಾಪೆಯ ಮೇಲೆ ಸುಮ್ಮನೆ ಕೂತಿದ್ದವು. ‘ಪಾಠ ಯಾವಾಗ ಟೀಚರ್?’ ಎಂದು ಕೇಳಿದೆ. ‘ಇದೊಂದು ಅಪ್‌ಲೋಡ್ ಆಗ್ಲಿ ಕಣಪ್ಪಾ’ ಎಂದು ನಕ್ಕರು. ಅದು ಅಪ್‌ಲೋಡ್ ಆಗುವ ಹೊತ್ತಿಗೆ ಊಟದ ಸಮಯವಾಗಿತ್ತು.

ಇದನ್ನು ಆ ಟೀಚರ್ ಮೇಲಿನ ದೂರಾಗಿ ಬರೆಯುತ್ತಿಲ್ಲ. ಅವರು ಒಂದು ನಿಮಿಷವೂ ಖಾಲಿ ಕೂತದ್ದನ್ನು ನಾವು ನೋಡಲಿಲ್ಲ. ತೊಂದರೆ ಇರುವುದು ಬೇರೆಡೆ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ಜಾರಿಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಪೂರಕ ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಅಗತ್ಯವಿದ್ದವರನ್ನು ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ಆರೋಗ್ಯದ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ: ಇವು ಯೋಜನೆಯ ಆರು ಸೇವೆಗಳು. 2017ರಿಂದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಇಲ್ಲೇ ಬಿಸಿಯೂಟದ ವ್ಯವಸ್ಥೆಯಾಯಿತು. ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ದಾಖಲಾತಿ ಮಾಡುವ ಕೆಲಸವೂ ಸೇರಿತು. ಮನೆಗೆ ಕೊಡುವ ಆಹಾರಕ್ಕೆ ಫಲಾನುಭವಿಯ ಮುಖ ಗುರುತಿಸುವುದು 2025ರ ಜುಲೈನಿಂದ ಕಡ್ಡಾಯವಾಗಿದೆ. ಐವತ್ತು ವರ್ಷಗಳಲ್ಲಿ ಕೆಲಸ ಬೆಳೆಯುತ್ತಲೇ ಹೋಯಿತು. ಕೆಲಸ ಮಾಡುವವರು ಮಾತ್ರ ಅಂದಿನಂತೆಯೇ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ.

ಇಷ್ಟು ಕೆಲಸಗಳಲ್ಲಿ ಮೊದಲು ಹಿಂದೆ ಬೀಳುವುದು ಯಾವುದು? ಮಗುವಿನ ತೂಕ ದಾಖಲಾಗದಿದ್ದರೆ ಮೇಲ್ವಿಚಾರಕಿ ಕೇಳುತ್ತಾರೆ. ಪಡಿತರದ ಲೆಕ್ಕ ತಪ್ಪಿದರೆ ನೋಟಿಸ್ ಬರುತ್ತದೆ. ಇವತ್ತು ಮಕ್ಕಳಿಗೆ ಕತೆ ಹೇಳಿದಿರಾ ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಕಲಿಕೆ ಕೊನೆಯ ಸಾಲಿಗೆ ಸರಿಯುತ್ತದೆ. ನಮ್ಮ ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ಇದಕ್ಕೊಂದು ಹೆಸರಿದೆ. ಒಂದೇ ಪ್ರೊಸೆಸರ್‌ಗೆ ತುರ್ತು ಕೆಲಸಗಳು ಬರುತ್ತಲೇ ಇದ್ದರೆ, ತುರ್ತಲ್ಲದ ಕೆಲಸಕ್ಕೆ ಸರದಿಯೇ ಬರುವುದಿಲ್ಲ. ಅದನ್ನು ‘ಸ್ಟಾರ್ವೇಶನ್’, ಅಂದರೆ ಹಸಿವಿನಿಂದ ಸೊರಗುವುದು ಎನ್ನುತ್ತಾರೆ.

ಕಾನೂನು ಕೂಡ ಈ ವಯಸ್ಸಿನ ಮಕ್ಕಳ ಕಲಿಕೆಯನ್ನು ಗಟ್ಟಿಯಾಗಿ ಹಿಡಿದಿಲ್ಲ. 2002ರ 86ನೇ ತಿದ್ದುಪಡಿ 6ರಿಂದ 14 ವರ್ಷದವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆರು ವರ್ಷದೊಳಗಿನವರ ವಿಷಯಕ್ಕೆ ಬಂದಾಗ ಸರ್ಕಾರ ‘ಪ್ರಯತ್ನಿಸಬೇಕು’ ಎಂದಷ್ಟೇ ಹೇಳಿ ಅದನ್ನು ನಿರ್ದೇಶಕ ತತ್ವಗಳಲ್ಲಿಟ್ಟಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಕೂಡ ಉಚಿತ ಶಾಲಾಪೂರ್ವ ಶಿಕ್ಷಣಕ್ಕೆ ಸರ್ಕಾರ ವ್ಯವಸ್ಥೆ ‘ಮಾಡಬಹುದು’ ಎನ್ನುತ್ತದೆಯೇ ಹೊರತು ‘ಮಾಡಲೇಬೇಕು’ ಎನ್ನುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರನೇ ವರ್ಷದಿಂದಲೇ ಬುನಾದಿ ಹಂತ ಶುರು ಎಂದಿತು. ನೀತಿಗೆ ಕಾಯ್ದೆಯ ಬಲವಿಲ್ಲ.

ಹಣವಿದ್ದವರು ಕಾಯ್ದೆಗಾಗಿ ಕಾಯುವುದಿಲ್ಲ. ಮೂರು ವರ್ಷ ತುಂಬುತ್ತಿದ್ದಂತೆ ಮಗುವನ್ನು ಖಾಸಗಿ ನರ್ಸರಿಗೆ ಸೇರಿಸುತ್ತಾರೆ. 2025ರಲ್ಲಿ ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮ ಜಾರಿಗೆ ಬರುವಾಗ, ಯುಕೆಜಿ ಮುಗಿಸಿದ ಮಕ್ಕಳ ಪೋಷಕರು ಗಟ್ಟಿಯಾಗಿ ದನಿ ಎತ್ತಿದರು. ಸರ್ಕಾರ ಆ ಒಂದು ವರ್ಷಕ್ಕೆ ಮಿತಿಯನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಿತು. ಅವರ ಆತಂಕ ನ್ಯಾಯವಾದದ್ದೇ. ಆದರೆ ಕೂಲಿಗೆ ಹೋಗುವ ತಾಯಿಯ ಮಗು ಒಂದೂ ಅಕ್ಷರ ಕಾಣದೆ ಒಂದನೇ ತರಗತಿಗೆ ಬಂದು, ಎರಡು ವರ್ಷ ಕಲಿತು ಬಂದ ಮಗುವಿನ ಪಕ್ಕ ಕೂರುವುದರ ಬಗ್ಗೆ ಅಷ್ಟು ಗಟ್ಟಿಯಾದ ದನಿ ಕೇಳಿಸಲಿಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಿತು. ಮೂರು ದಾಟಿದ ಮಕ್ಕಳೆಲ್ಲ ಶಾಲೆಗೆ ಹೋದರೆ ಅಂಗನವಾಡಿ ಖಾಲಿಯಾಗುತ್ತದೆಂದು ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಪ್ರತಿಭಟಿಸಿದರು. ಬಳಿಕ ಅಂಗನವಾಡಿಗಳನ್ನೇ ‘ಸರ್ಕಾರಿ ಮಾಂಟೆಸ್ಸರಿ’ಯಾಗಿ ಮೇಲ್ದರ್ಜೆಗೇರಿಸುವ ಕೆಲಸ ಶುರುವಾಯಿತು. ಊಟ, ಲಸಿಕೆ, ಕಲಿಕೆ ಮೂರೂ ಒಂದೇ ಸೂರಿನಡಿ ಸಿಗುವುದು ಬಡ ಕುಟುಂಬಕ್ಕೆ ಅನುಕೂಲವೇ. ಆದರೆ ಬೋರ್ಡು ಬದಲಾಗಿ, ಸಮವಸ್ತ್ರ ಬಂದು, ಒಳಗೆ ಅದೇ ಒಬ್ಬ ಟೀಚರ್ ಅದೇ ಮೊಬೈಲ್ ಹಿಡಿದು ಕೂತಿದ್ದರೆ ಮಗುವಿಗೆ ಸಿಕ್ಕಿದ್ದೇನು?

ಇದಕ್ಕೆ ಉತ್ತರ ಪಕ್ಕದ ತಮಿಳುನಾಡಿನಲ್ಲಿದೆ. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಅಲ್ಲಿ 640 ಅಂಗನವಾಡಿಗಳನ್ನು ಅಧ್ಯಯನ ಮಾಡಿದರು. ಚೀಟಿ ಎತ್ತಿದಂತೆ ಆಯ್ದ ಅರ್ಧದಷ್ಟು ಕೇಂದ್ರಗಳಿಗೆ, ಮಕ್ಕಳ ಕಲಿಕೆಗೆಂದೇ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಡಲಾಯಿತು. ಆ ಕೇಂದ್ರಗಳಲ್ಲಿ ಕಲಿಸುವ ಸಮಯ ದುಪ್ಪಟ್ಟಾಯಿತು. ಹದಿನೆಂಟು ತಿಂಗಳ ನಂತರ ಮಕ್ಕಳು ಲೆಕ್ಕ ಮತ್ತು ಭಾಷೆ ಎರಡರಲ್ಲೂ ಮುಂದಿದ್ದರು. ನನಗೆ ಹೆಚ್ಚು ಅಚ್ಚರಿ ತಂದದ್ದು ಮುಂದಿನ ಫಲಿತಾಂಶ. ಅಲ್ಲಿ ತೀವ್ರ ಅಪೌಷ್ಟಿಕತೆಯೂ ಕಡಿಮೆಯಾಗಿತ್ತು. ಪಾಠದ ಹೊರೆ ಹಂಚಿಹೋದದ್ದರಿಂದ ಹಳೆಯ ಕಾರ್ಯಕರ್ತೆಗೆ ಆರೋಗ್ಯ, ಪೌಷ್ಟಿಕತೆಯ ಕೆಲಸಕ್ಕೆ ಹೆಚ್ಚು ಸಮಯ ಸಿಕ್ಕಿತ್ತು. ಊಟವೋ ಪಾಠವೋ ಎಂಬ ಪ್ರಶ್ನೆಯೇ ತಪ್ಪು. ಕೈಗಳು ಸಾಲದಿದ್ದಾಗ ಎರಡೂ ಸೊರಗುತ್ತವೆ, ಇನ್ನೆರಡು ಕೈ ಸೇರಿದರೆ ಎರಡೂ ಚೇತರಿಸಿಕೊಳ್ಳುತ್ತವೆ.

ಹಣ ಎಲ್ಲಿದೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. 65 ಸಾವಿರ ಹೊಸ ಹುದ್ದೆ ಒಂದೇ ಬಜೆಟ್‌ನಲ್ಲಿ ಆಗುವ ಮಾತಲ್ಲ. ಅಂಗನವಾಡಿ ಕಾರ್ಯಕರ್ತೆಗೆ ಕೇಂದ್ರ ನಿಗದಿಪಡಿಸಿದ ಗೌರವಧನ 2018ರಿಂದ ತಿಂಗಳಿಗೆ 4,500 ರೂಪಾಯಿ. ಉಳಿದದ್ದನ್ನು ರಾಜ್ಯ ಸೇರಿಸುತ್ತದೆ. ಇರುವವರಿಗೇ ಸರಿಯಾಗಿ ಕೊಡದೆ ಇನ್ನೊಬ್ಬರನ್ನು ಅಗ್ಗಕ್ಕೆ ತರುವುದು ನ್ಯಾಯವಲ್ಲ. ಹಾಗಾಗಿ ಮಕ್ಕಳ ಹಾಜರಾತಿ ಹೆಚ್ಚಿರುವ, ಕೂಲಿ ಕುಟುಂಬಗಳೇ ಹೆಚ್ಚಿರುವ ತಾಲ್ಲೂಕುಗಳಿಂದ ಶುರುಮಾಡಬಹುದು. ಪಿಯುಸಿ ಮುಗಿಸಿ ಮನೆಯಲ್ಲೇ ಉಳಿದ ಯುವತಿಯರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ತರಬೇತಿ ಕೊಟ್ಟು, ಗೌರವದ ಸಂಬಳ ಕೊಟ್ಟರೆ ಅವರಿಗೂ ಊರಲ್ಲೇ ಉದ್ಯೋಗವಾಗುತ್ತದೆ. ಜೊತೆಗೆ ಹೊಸ ಆ್ಯಪ್ ತರುವ ಮೊದಲು, ಅದು ಟೀಚರ್‌ರ ದಿನದಲ್ಲಿ ಎಷ್ಟು ನಿಮಿಷ ತಿನ್ನುತ್ತದೆ ಎಂದು ಅಳೆದು ನೋಡಬೇಕು. ನಾಳೆ ಅಂಥ ಆ್ಯಪ್ ಬರೆಯುವವರು ನಾವೇ ಆಗಿರುವುದರಿಂದ ಈ ಮಾತು ನಮ್ಮಂಥ ವಿದ್ಯಾರ್ಥಿಗಳಿಗೂ ಸೇರಿದ್ದು.

ಶಿಬಿರದ ಕೊನೆಯ ದಿನ ನಮ್ಮ ಗೆಳತಿಯೊಬ್ಬಳು ಬಣ್ಣದ ಬ್ರಷ್ ಬದಿಗಿಟ್ಟು, ನಾವು ಬರೆದ ಗೋಡೆಯ ಮುಂದೆ ಮಕ್ಕಳನ್ನು ಕೂರಿಸಿ ಆನೆಯ ಕತೆ ಹೇಳಿದಳು. ಅರ್ಧ ಗಂಟೆ ಯಾರೂ ಕದಲಲಿಲ್ಲ. ಒಳಗೆ ಟೀಚರ್ ಆ ಹೊತ್ತಿನಲ್ಲಿ ಮೂರು ಮಕ್ಕಳ ತೂಕ ನೋಡಿ, ಒಬ್ಬ ತಾಯಿಗೆ ಸಮಾಧಾನದಿಂದ ಬುದ್ಧಿಮಾತು ಹೇಳಿ ಕಳಿಸಿದರು. ಸಂಜೆ ನಾವು ಬಸ್ ಹತ್ತಿದೆವು. ಮರುದಿನ ಅಲ್ಲಿ ಮತ್ತೆ ಒಬ್ಬರೇ ಟೀಚರ್.