'ಹಳ್ಳಿ' ಅನ್ನೋದು ಬೈಗುಳ ಅಲ್ಲ

'ಹಳ್ಳಿ ಗುಗ್ಗು', 'ಹಳ್ಳಿ ಮುಕ್ಕ'. ತಿ. ನರಸೀಪುರ, ನಂಜನಗೂಡು ಕಡೆಯಿಂದ ಮೈಸೂರಿಗೆ ಓದಲು ಹೋಗುವ ನಮ್ಮ ಮಕ್ಕಳಿಗೆ ಈ ಮಾತು ಹೊಸದಲ್ಲ. ಅದಕ್ಕೇ ಎಷ್ಟೋ ಮಂದಿ ಯಾವೂರು ಅಂತ ಕೇಳಿದರೆ 'ಮೈಸೂರು' ಅಂದುಬಿಡುತ್ತಾರೆ. ಆದರೆ ಈ ಪದದ ಹುಟ್ಟು ತಿಳಿದರೆ ತಲೆ ತಗ್ಗಿಸುವಂಥದ್ದು ಅದರಲ್ಲೇನೂ ಇಲ್ಲ.

ಹಳಗನ್ನಡದಲ್ಲಿ ಇದು 'ಪಳ್ಳಿ'. ಸುಮಾರು ಸಾವಿರ ವರ್ಷದ ಹಿಂದಿನಿಂದ ಕನ್ನಡದ ಪದಗಳ ಮೊದಲಿನ 'ಪ' ಮೆಲ್ಲಗೆ 'ಹ' ಆಗುತ್ತಾ ಬಂತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ನಮ್ಮ ಸೋಮನಾಥಪುರದ ಕೇಶವ ಗುಡಿ ಎದ್ದದ್ದು 1258ರಲ್ಲಿ, ಹೊಯ್ಸಳರ ಮೂರನೇ ನರಸಿಂಹನ ಕಾಲದಲ್ಲಿ. ಆ ವಂಶದ ಹೆಸರೂ ಶಾಸನಗಳಲ್ಲಿ 'ಪೊಯ್ಸಳ' ಎಂದು ಸಿಗುತ್ತದೆ.

ನೆರೆಯ ಭಾಷೆಗಳು 'ಪ'ವನ್ನು ಹಾಗೇ ಉಳಿಸಿಕೊಂಡವು. ತೆಲುಗಿನ 'ಪಲ್ಲೆ' ನಮ್ಮ ಹಳ್ಳಿಯೇ. ತಮಿಳಿನಲ್ಲಿ 'ಪಳ್ಳಿಕ್ಕೂಡಂ' ಅಂದರೆ ಶಾಲೆ. ಹಿಂದೆ ಜೈನ, ಬೌದ್ಧ ಮುನಿಗಳ ನೆಲೆಗೂ ಅಲ್ಲಿ 'ಪಳ್ಳಿ' ಎನ್ನುತ್ತಿದ್ದರು. ಶ್ರೀರಂಗಪಟ್ಟಣದ ರಂಗನಾಥನ ಹಾಗೆ ಮಲಗಿರುವ ಪೆರುಮಾಳನ್ನು 'ಪಳ್ಳಿಕೊಂಡ' ಎಂದು ಕರೆಯುತ್ತಾರೆ. ಗುಂಡ್ಲುಪೇಟೆ ದಾಟಿ ವಯನಾಡಿಗೆ ಹೋದರೆ ಮಸೀದಿಯೂ ಪಳ್ಳಿ, ಚರ್ಚೂ ಪಳ್ಳಿ.

ದಣಿದವನು ಮಲಗುವ ಜಾಗ, ಜನ ನೆಲೆ ನಿಂತ ಜಾಗ, ಮಕ್ಕಳು ಕಲಿಯುವ ಜಾಗ, ದೇವರಿಗೆ ಕೈಮುಗಿಯುವ ಜಾಗ. ಇಷ್ಟಕ್ಕೂ ಒಂದೇ ಪದ. ಇದರಲ್ಲಿ ದಡ್ಡತನ ಎಲ್ಲಿದೆ?

ಈಗ ಬಡಾವಣೆಗೋ ಅಂಗಡಿ ಬೋರ್ಡಿಗೋ ಹೆಸರಿಡುವಾಗ 'ಹಳ್ಳಿ' ತೆಗೆದು 'ಪುರ', 'ನಗರ' ಅಂಟಿಸುವ ಆಸೆ ಕೆಲವರಿಗೆ. 'ಪುರ'ದ ಮೇಲೆ ನನಗೆ ಕೋಪವಿಲ್ಲ. ಸೋಮನಾಥ ದಂಡನಾಯಕ ತಾನು ಮಾಡಿಸಿದ ಅಗ್ರಹಾರಕ್ಕೆ ತನ್ನ ಹೆಸರಿಟ್ಟ, ಅದು ಸೋಮನಾಥಪುರವಾಯಿತು. ಅದು ಆ ಊರಿನ ಚರಿತ್ರೆ. ಹಾಗೆಯೇ 'ಹಳ್ಳಿ' ಎಂಬುದು ಇನ್ನೊಂದು ಊರಿನ ಚರಿತ್ರೆ. ಬೆಂಗಳೂರಿನ ಮಾರತಹಳ್ಳಿಯ ಸುತ್ತ ಐಟಿ ಕಂಪನಿಗಳೇ ತುಂಬಿವೆ, ಹೆಸರಿನಲ್ಲಿ 'ಹಳ್ಳಿ' ಇದೆ ಎಂದು ಯಾವ ಕಂಪನಿಯೂ ಓಡಿಹೋಗಿಲ್ಲ. ತಿರುಚಿರಾಪ್ಪಳ್ಳಿ ದೊಡ್ಡ ನಗರವಾದರೂ ತನ್ನ 'ಪಳ್ಳಿ'ಯನ್ನು ಬಿಟ್ಟಿಲ್ಲ.

ಹೆಸರು ಬದಲಿಸಿದರೆ ರಸ್ತೆ, ಬಸ್ಸು, ನೀರು ಬರುವುದಿಲ್ಲ. ಅವನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಊರಿನ ಬೋರ್ಡಿನಲ್ಲಿ 'ಹಳ್ಳಿ' ಇದ್ದರೆ ಇರಲಿ ಬಿಡಿ. ನಾಳೆ ಯಾರಾದರೂ ನಿಮ್ಮ ಮಗಳನ್ನು 'ಹಳ್ಳಿಯವಳು' ಎಂದು ಆಡಿಕೊಂಡರೆ, 'ಹೌದು, ಹಳ್ಳಿಯವಳೇ' ಎನ್ನುವ ಧೈರ್ಯವನ್ನು ಮನೆಯಲ್ಲೇ ಕಲಿಸಿ.