ಲೈನಿನವರು

ನಮ್ಮೂರು ಹೊಂಗಡಹಳ್ಳ. ಸಕಲೇಶಪುರ ತಾಲ್ಲೂಕಿನಲ್ಲಿ, ಬಿಸಿಲೆ ಕಾಡಿನ ಕಡೆಗಿರುವ ಊರು. ಮಳೆಗಾಲದಲ್ಲಿ ನಮ್ಮ ಬಾಯಲ್ಲಿ ಮಳೆಗಿಂತ ಹೆಚ್ಚು ಓಡಾಡುವ ಪದ ‘ಲೈನು’. ಮರ ಬಿದ್ದು ಕರೆಂಟು ಹೋದರೆ ‘ಲೈನ್ ಹೋಯ್ತು’. ಸರಿಮಾಡಲು ಬರುವವನು ಲೈನ್‌ಮನ್. ಅವನಿಗೆ ಫೋನ್ ಹಚ್ಚಿದರೆ ‘ಲೈನ್ ಸಿಗ್ತಿಲ್ಲ’. ರೇಷನ್ ಅಂಗಡಿ ಮುಂದೆ ನಿಲ್ಲುವುದು ಲೈನಿನಲ್ಲಿ. ಕಾಫಿ ಗಿಡ ನೆಡುವ ಮೊದಲು ಹಗ್ಗ ಹಿಡಿದು ಗೂಟ ಹೊಡೆಯುವುದೂ ಲೈನಿಗೇ. ಹುಡುಗ ಹುಡುಗಿಯ ಹಿಂದೆ ಸುತ್ತಿದರೆ ‘ಲೈನ್ ಹೊಡೀತಾನೆ’. ಅದು ಅಪ್ಪನ ಕಿವಿಗೆ ಬಿದ್ದರೆ ‘ಲೈನಿಗೆ ತರ್ತೀನಿ ಇರು’. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಟ್ಟ ಇಳಿಯುವ ರೈಲುಹಳಿಯೂ ಲೈನೇ. 1996ರಲ್ಲಿ ಬ್ರಾಡ್‌ಗೇಜ್ ಮಾಡಲೆಂದು ರೈಲು ನಿಲ್ಲಿಸಿದಾಗ ಘಟ್ಟದವರೆಲ್ಲ ‘ಲೈನ್ ಮುಚ್ಚಿತು’ ಅಂದರು.

ಇಷ್ಟಕ್ಕೆಲ್ಲ ನನ್ನ ತಕರಾರಿಲ್ಲ. ಲ್ಯಾಟಿನ್ನಿನಲ್ಲಿ ಅಗಸೆ ನಾರಿನ ದಾರಕ್ಕಿದ್ದ ಹೆಸರಿನಿಂದ ಬಂದ ಪದವಿದು. ದಾರವಾದ್ದರಿಂದ ಸಿಕ್ಕ ಸೂಜಿಗೆಲ್ಲ ಪೋಣಿಸಿಕೊಳ್ಳುತ್ತದೆ. ತಂತಿ, ಸಾಲು, ಗೆರೆ, ಹಳಿ, ಸರದಿ ಎಂಬ ಐದು ಪದಗಳ ಕೆಲಸವನ್ನು ಒಂದೇ ಮಾಡುತ್ತಿದೆ ಎಂದು ಕನ್ನಡ ಕೆಟ್ಟಿತು ಅಂತ ಎದೆ ಬಡಿದುಕೊಳ್ಳುವವರ ಜೊತೆ ನಾನಿಲ್ಲ. ನನ್ನ ಜಗಳ ಇದರ ಇನ್ನೊಂದು ಅರ್ಥದ ಜೊತೆ.

ಕಾಫಿ ತೋಟದ ಕೆಲಸದವರು ಇರುವ ಜಾಗವೂ ‘ಲೈನು’. ಒಂದೇ ಮಾಡಿನ ಕೆಳಗೆ, ನಡುಗೋಡೆ ಹಂಚಿಕೊಂಡ ಸಾಲು ಕೋಣೆಗಳು. ಬ್ರಿಟಿಷರ ದಂಡಿನಲ್ಲಿ ಸಿಪಾಯಿಗಳ ಬಿಡಾರದ ಸಾಲಿಗೆ ಲೈನ್ ಎನ್ನುತ್ತಿದ್ದರು. ‘ಪೊಲೀಸ್ ಲೈನ್’ ಇಂದಿಗೂ ಇದೆ. ತೋಟಗಳಿಗೂ ಅದೇ ಹೆಸರು. ಶ್ರೀಲಂಕಾದ ಚಹಾ ತೋಟದ ತಮಿಳಿನಲ್ಲಿ ಅದು ‘ಲಯಂ’ ಆಯಿತು. ಅಸ್ಸಾಮಿನ ಚಹಾ ತೋಟಗಳಲ್ಲೂ ಲೈನೇ. ಈಗ ಅಸ್ಸಾಮಿನಿಂದ ನಮ್ಮ ಕಡೆ ಕಾಫಿ ಕೊಯ್ಯಲು ಬರುವವರಿಗೆ ಕನ್ನಡದ ಎಲ್ಲ ಪದ ಕಲಿಸಬೇಕಾದೀತು, ಇದೊಂದನ್ನು ಕಲಿಸಬೇಕಿಲ್ಲ.

ನಾವು ಹೇಗೆ ಹಂಚಿದ್ದೇವೆ ನೋಡಿ. ಸಾಹುಕಾರರದು ಬಂಗ್ಲೆ. ರೈಟರದು ಕ್ವಾರ್ಟರ್ಸು. ಎರಡೆಕರೆಯ ನಮ್ಮಂಥವರದು ಮನೆ. ಅವರದು ಮಾತ್ರ ಲೈನು. ‘ಮನೆಯವರು’ ಅಂದರೆ ನಮ್ಮಲ್ಲಿ ಗಂಡನೋ ಹೆಂಡತಿಯೋ, ಒಟ್ಟಿನಲ್ಲಿ ಸ್ವಂತದವರು. ‘ಲೈನಿನವರು’ ಅಂದರೆ ಲೆಕ್ಕದ ಆಳು.

ನಾಲ್ಕನೇ ಕ್ಲಾಸಿನಲ್ಲಿದ್ದಾಗ ಗೆಳೆಯನೊಬ್ಬನನ್ನು ಮನೆಗೆ ಕರೆತಂದಿದ್ದೆ. ‘ಯಾರ ಮಗನೋ ಅದು?’ ಅಂದರು ಅಮ್ಮ. ‘ಲೈನಿನವನಮ್ಮ’ ಅಂದೆ. ಅಪ್ಪನ ಹೆಸರು, ಊರು, ಯಾವುದನ್ನೂ ಆಮೇಲೆ ಕೇಳಲಿಲ್ಲ. ಕಾಫಿ ಬಂತು, ಅವನದು ಜಗಲಿಗೆ, ಬೇರೆ ಲೋಟದಲ್ಲಿ. ಜಾತಿಯ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತುವ ಅಗತ್ಯವೇ ಬೀಳಲಿಲ್ಲ, ನಾನಾಗಲೇ ಹೇಳಿಬಿಟ್ಟಿದ್ದೆ. ‘ಕೇರಿಯವನು’ ಅನ್ನಬೇಕಾಗಿದ್ದರೆ ನಾಲಿಗೆ ಒಂದು ಗಳಿಗೆ ತಡೆಯುತ್ತಿತ್ತೋ ಏನೋ. ಇಂಗ್ಲಿಷಿನ ಎರಡಕ್ಷರಕ್ಕೆ ಆ ತಡೆಯಿಲ್ಲ.

ಹಾಗಾದರೆ ‘ಸಾಲುಮನೆ’ ಎಂದು ಕನ್ನಡ ಮಾಡಿಬಿಡೋಣ ಎನ್ನುವವರಿದ್ದಾರೆ. ಬೇಡ. ‘ಕಾರ್ಮಿಕರ ವಸತಿಗೃಹ’ ಅಂತ ಬೋರ್ಡು ಬರೆಸಿದರೂ ಸೋರುವ ಮಾಡು ಸೋರುತ್ತಲೇ ಇರುತ್ತದೆ. ತಪ್ಪು ಪದದ್ದಲ್ಲ, ಅದರ ಮರೆಯಲ್ಲಿ ನಿಂತ ನಮ್ಮದು. 1951ರ ತೋಟ ಕಾರ್ಮಿಕರ ಕಾಯ್ದೆ, ಕೆಲಸದವರಿಗೂ ಅವರ ಕುಟುಂಬಕ್ಕೂ ಮಾಲೀಕರು ವಸತಿ ಕೊಡಬೇಕು ಎಂದಿತು. ಒಳ್ಳೆಯದೇ. ಆದರೆ ವಸತಿ ಕೆಲಸದ ಬಾಲ ಹಿಡಿದೇ ಬಂತು. ಕೆಲಸ ಬಿಟ್ಟ ಮೇಲೆ ಕೋಣೆಯನ್ನೂ ಬಿಡಬೇಕು. ಮೂವತ್ತು ವರ್ಷ ಗೊಬ್ಬರ ಹೊತ್ತು, ಚಿಗುರು ತೆಗೆದು, ಹಣ್ಣು ಕೊಯ್ದವರು ಮುದುಕರಾದ ಮೇಲೆ ಎಲ್ಲಿಗೆ ಹೋಗಬೇಕು? ‘ಮನೆ’ ಅಂದರೆ ಈ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ: ಯಾರ ಮನೆ, ಹಕ್ಕುಪತ್ರ ಎಲ್ಲಿ? ‘ಲೈನು’ ಅಂದರೆ ಪ್ರಶ್ನೆಯೇ ಏಳುವುದಿಲ್ಲ. ನಾವು ಆ ಪದವನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡಿರುವುದು ಅದಕ್ಕೇ.

ಭಾಷೆ ಓದುವ ಹುಡುಗರು ಎರವಲು ಪದಗಳ ಪಟ್ಟಿ ಮಾಡುತ್ತಾರೆ. ಎಲ್ಲಿಂದ ಬಂತು, ಉಚ್ಚಾರ ಹೇಗೆ ಬದಲಾಯಿತು ಎಂದು ಬರೆಯುತ್ತಾರೆ. ಇನ್ನೊಂದು ಕಾಲಂ ಹಾಕಿ: ಈ ಪದವನ್ನು ಯಾರು, ಯಾರ ಬಗ್ಗೆ ಆಡುತ್ತಾರೆ?

ಲೈನಿನವರೂ ಅದನ್ನು ಲೈನೆಂದೇ ಕರೆಯುತ್ತಾರಲ್ಲ ಎಂದು ನೀವು ಕೇಳಬಹುದು. ನಮ್ಮೆದುರು ಕರೆಯುತ್ತಾರೆ, ನಮಗೆ ಅರ್ಥವಾಗಲೆಂದು. ನನ್ನ ಗೆಳೆಯ ಅವತ್ತು ಕಾಫಿ ಕುಡಿದು, ಲೋಟ ತೊಳೆದು ಕವುಚಿಟ್ಟು, ‘ಹೊತ್ತಾಯ್ತು, ಮನೆಗೆ ಹೋಗ್ತೀನಿ ಕಣೋ’ ಅಂದಿದ್ದ. ಅವನ ಬಾಯಲ್ಲಿ ಆ ಪದ ಯಾವತ್ತೂ ಅದೇ ಆಗಿತ್ತು. ಅದು ನನ್ನ ಕಿವಿಗೆ ಬೀಳಲು ಇಷ್ಟು ವರ್ಷ ಬೇಕಾಯಿತು.