ಹಳೆಯ ಗಾಡಿಗೆ ಹೊಸ ಸನ್ನೆ

ಕಳೆದ ಚಳಿಗಾಲದ ಒಂದು ಭಾನುವಾರ ನಾವು ಒಂಬತ್ತನೆಯ ತರಗತಿಯ ಹನ್ನೆರಡು ಮಂದಿ ವಿದ್ಯಾರ್ಥಿಗಳೊಡನೆ ಮುಂಬಯಿಯ ಕೋಟೆ ವಿಭಾಗಕ್ಕೆ ಹಳೆಯ ಮೋಟಾರು ವಾಹನಗಳ ಮೆರವಣಿಗೆಯನ್ನು ನೋಡಲು ಹೋಗಿದ್ದೆವು. ಥಳಥಳಿಸುವ ಕಾರುಗಳ ನಡುವೆ ಹಸಿರು ಬಣ್ಣದ ಒಂದು ಶೆವ್ರೊಲೆ ಪಿಕಪ್ ಗಾಡಿಯೂ ಇದ್ದಿತು. ಮುಂದೆ ಚಾಲಕನ ಕೋಣೆ, ಹಿಂದೆ ಸರಕು ಹೇರುವ ತೆರೆದ ತೊಟ್ಟಿ, ಉಬ್ಬಿದ ಮಡ್‌ಗಾರ್ಡುಗಳು, ದುಂಡನೆಯ ಎರಡು ದೀಪಗಳು, 1950ರ ಆಸುಪಾಸಿನದು. ಬಹುಕಾಲ ದುಡಿದ ಮುದುಕನೊಬ್ಬನು ಮೊಮ್ಮಗಳ ಮದುವೆಗೆ ಹೊಸ ಅಂಗಿ ತೊಟ್ಟು ನಿಂತಂತೆ ಅದು ಕಾಣುತ್ತಿತ್ತು. ನಮ್ಮ ಹುಡುಗರೆಲ್ಲರೂ ಅದನ್ನೇ ಸುತ್ತುವರಿದರು.

ಮೆರವಣಿಗೆ ಮುಗಿದ ಬಳಿಕ ನಾವು ರೈಲು ನಿಲ್ದಾಣದತ್ತ ನಡೆಯುತ್ತಿದ್ದಾಗ ಅದೇ ಗಾಡಿ ನಮ್ಮ ಮುಂದಿನ ಮೂಲೆಯಲ್ಲಿ ಎಡಕ್ಕೆ ತಿರುಗಬೇಕಾಗಿತ್ತು. ಅದರ ವೃದ್ಧ ಚಾಲಕರು ಬಲಗಡೆಯ ಕಿಟಕಿಯಿಂದ ತೋಳನ್ನು ಹೊರಚಾಚಿ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ವೃತ್ತಾಕಾರದಲ್ಲಿ ತಿರುಗಿಸಿದರು. ನಮ್ಮ ಹುಡುಗರು ಅವರು ತಮ್ಮನ್ನೇ ಬೀಳ್ಕೊಡುತ್ತಿರುವರೆಂದು ತಿಳಿದು ಕೈಬೀಸಿ ನಕ್ಕರು. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ತರುಣನೊಬ್ಬನು ಅದನ್ನು "ಮುಂದೆ ಹೋಗು" ಎಂಬ ಅಪ್ಪಣೆಯೆಂದು ಭಾವಿಸಿ ಎಡಬದಿಯಲ್ಲಿ ಕಂಡ ಎಡೆಯೊಳಗೆ ನುಗ್ಗಿದನು. ಗಾಡಿ ಎಡಕ್ಕೆ ಹೊರಳಿತು. ಎರಡೂ ಬ್ರೇಕುಗಳು ಕಿರುಚಿದುವು. ನಡುವೆ ಒಂದು ಗೇಣು ಉಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಸ್ಕೂಟರಿನ ಹಿಂಬದಿಯಲ್ಲಿ ಕುಳಿತಿದ್ದ ಪುಟ್ಟ ಹುಡುಗಿಯ ಬಿಳಿಚಿದ ಮುಖ ನಮ್ಮ ಕಣ್ಣಮುಂದಿನಿಂದ ಇಂದಿಗೂ ಮರೆಯಾಗಿಲ್ಲ.

"ನಾನು ಸನ್ನೆ ಮಾಡಿದೆನಲ್ಲ!" ಎಂದರು ವೃದ್ಧರು. "ಇಂಡಿಕೇಟರ್ ಎಲ್ಲಿದೆ?" ಎಂದನು ತರುಣ. ಇಬ್ಬರ ಮಾತೂ ದಿಟವೇ ಆಗಿತ್ತು. ಹಿಂದಿರುಗುವಾಗ ರೈಲಿನಲ್ಲಿ ನಮ್ಮ ಹುಡುಗರಲ್ಲಿಯೂ ಎರಡು ಪಕ್ಷಗಳಾದುವು. ಅಂಥ ಗಾಡಿಗೆ ಇಂಡಿಕೇಟರ್ ಹಾಕಲೇಬೇಕೆಂದು ಕೆಲವರು; "ಸರ್, ಹಾಕಿದರೆ ಅದು ಹಳೆಯ ಗಾಡಿಯಾಗಿ ಉಳಿಯುವುದೆ?" ಎಂದು ಕೆಲವರು. ಅಂದು ನಾವು ತೀರ್ಪು ಕೊಡಲಿಲ್ಲ. ಈ ವರ್ಷದ ಸಂಚಿಕೆಯಲ್ಲಿ ಬರೆಯುವೆವೆಂದು ಮಾತು ಕೊಟ್ಟಿದ್ದೆವು. ಆ ಮಾತನ್ನು ಈಗ ಸಲ್ಲಿಸುತ್ತಿದ್ದೇವೆ.

ಮೊದಲು ಆ ಗಾಡಿಯ ಕುಲಗೋತ್ರಗಳನ್ನು ತಿಳಿಯೋಣ. ಅಮೆರಿಕದ ಈ ವಾಹನಗಳಿಗೂ ನಮ್ಮ ಮುಂಬಯಿಗೂ ಹಳೆಯ ನಂಟು. ಜನರಲ್ ಮೋಟಾರ್ಸ್ ಕಂಪನಿಯು 1928ರಲ್ಲಿ ಇಲ್ಲಿಯ ಶಿವಡಿಯಲ್ಲಿ ಜೋಡಣೆಯ ಕಾರ್ಖಾನೆಯನ್ನು ತೆರೆದು ಶೆವ್ರೊಲೆ ಕಾರುಗಳನ್ನೂ ಟ್ರಕ್ಕುಗಳನ್ನೂ ಜೋಡಿಸುತ್ತಿದ್ದಿತು. 1954ರಲ್ಲಿ ಅದು ಮುಚ್ಚಿತು. ಮಾಝಗಾಂವಿನಲ್ಲಿ ಮಹೀಂದ್ರ ಕಂಪನಿಯು ವಿಲೀಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯು ಡಾಜ್, ಫಾರ್ಗೊ ಟ್ರಕ್ಕುಗಳನ್ನು ಸಿದ್ಧಗೊಳಿಸುತ್ತಿದ್ದಿತು. ನೀವು ದಿನವೂ ಲೋಕಲ್ ರೈಲಿನಲ್ಲಿ ದಾಟುವ ನಿಲ್ದಾಣಗಳ ಆಸುಪಾಸಿನಲ್ಲಿಯೇ ಈ ಚರಿತ್ರೆ ನಡೆಯಿತೆಂಬುದು ನಿಮಗೆ ನೆನಪಿರಲಿ.

ಆ ಕಾಲದ ಪಿಕಪ್ ಗಾಡಿಗಳಲ್ಲಿ ತಿರುವುದೀಪವೇಕೆ ಇರಲಿಲ್ಲ? ಅದನ್ನು ಯಾರೂ ಕಂಡುಹಿಡಿದಿರಲಿಲ್ಲವೆಂದಲ್ಲ. ಅಮೆರಿಕದ ಬ್ಯೂಕ್ ಕಾರುಗಳು 1939ರಲ್ಲಿಯೇ ಮಿನುಗುವ ತಿರುವುದೀಪಗಳನ್ನು ಹೊತ್ತು ಬಂದಿದ್ದುವು. ಯುರೋಪಿನ ಅನೇಕ ಕಾರುಗಳಲ್ಲಿ 1950ರ ದಶಕದಲ್ಲಿಯೂ ರೈಲಿನ ಕೈಕಂಬದಂತೆ ಬಾಗಿಲ ಪಕ್ಕದಿಂದ ಮೇಲೇಳುವ ದೀಪದ ಪುಟ್ಟ ಕೈ ಇರುತ್ತಿತ್ತು. ಆದರೆ ಪಿಕಪ್ ಗಾಡಿಯು ಹೊಲ, ಸಂತೆ, ಕಟ್ಟಡದ ಕೆಲಸ ಇವುಗಳಿಗಾಗಿ ಹುಟ್ಟಿದ ದುಡಿಮೆಯ ವಾಹನ. ಅಗ್ಗವಾಗಿರಬೇಕೆಂಬುದೇ ಅದರ ಧರ್ಮ. ಆದುದರಿಂದ ಅದಕ್ಕೆ ತಿರುವುದೀಪವು ಬೇಕಾದವರು ಹೆಚ್ಚು ಹಣ ತೆತ್ತು ಹಾಕಿಸಿಕೊಳ್ಳುವ ವಸ್ತುವಾಗಿದ್ದಿತು. ಅಷ್ಟೇ ಏಕೆ, ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಆ ಕಾಲದ ಎಷ್ಟೋ ಶೆವ್ರೊಲೆ ಪಿಕಪ್ಪುಗಳ ಹಿಂಭಾಗದಲ್ಲಿ ಎಡಗಡೆಗೆ ಒಂದೇ ಒಂದು ದೀಪ. ಬಲಗಡೆಯದಕ್ಕೆ ಬೇರೆ ಬೆಲೆ. ಒಂದೇ ದೀಪದಿಂದ ಎಡಬಲಗಳನ್ನು ಹೇಳುವುದಾದರೂ ಹೇಗೆ? ಚಾಲಕನ ತೋಳೇ ಸನ್ನೆಯಾಗಿದ್ದಿತು.

ಈಗ ಗಾಡಿಯನ್ನು ಇದ್ದಂತೆಯೇ ಇರಿಸಬೇಕೆನ್ನುವವರ ವಾದವನ್ನು ಕೇಳೋಣ. ಅದು ಹಗುರವಾದ ವಾದವಲ್ಲ. ಹಳೆಯ ಯಂತ್ರವೆಂದರೆ ಒಂದು ದಾಖಲೆ, ಶಿಲಾಶಾಸನದಂತೆ. ಶಾಸನದ ಅಕ್ಷರ ಸ್ಪಷ್ಟವಾಗಲೆಂದು ನಾವು ಉಳಿಯಿಂದ ಅದನ್ನು ಮತ್ತೆ ಕೊರೆಯುವುದುಂಟೆ? ಮಡ್‌ಗಾರ್ಡಿನಲ್ಲಿ ಒಂದು ತೂತು ಕೊರೆದರೆ ಅದು ಹಿಂದಿರುಗಿ ಬಾರದು. ಇಂದು ದೀಪಕ್ಕಾಗಿ ಕೊರೆದವನು ನಾಳೆ ಬೇರೊಂದಕ್ಕಾಗಿ ಕೊರೆದಾನು. ಕೊನೆಗೆ ಹೊರಗಿನ ತಗಡಷ್ಟೇ ಹಳೆಯದಾಗಿ ಉಳಿದೀತು. ವರ್ಷಕ್ಕೆ ನಾಲ್ಕಾರು ಬಾರಿ ಹೊರಬರುವ ಗಾಡಿಗೆ ಇಷ್ಟೆಲ್ಲ ಏಕೆಂದೂ ಅವರು ಕೇಳುತ್ತಾರೆ. ಹಳೆಯ ವಸ್ತುಗಳಲ್ಲಿ ಅವರಿಗಿರುವ ಭಕ್ತಿಯನ್ನು ನಾವು ಗೌರವಿಸುತ್ತೇವೆ. ಆ ಭಕ್ತಿ ಇಲ್ಲದಿದ್ದರೆ ಈ ಗಾಡಿಗಳು ಎಂದೋ ಗುಜರಿಯ ಪಾಲಾಗಿರುತ್ತಿದ್ದುವು.

ಆದರೂ ನಮ್ಮ ಅಭಿಪ್ರಾಯ ಬೇರೆ. ವಸ್ತುಸಂಗ್ರಹಾಲಯದಲ್ಲಿ ನಿಂತ ಗಾಡಿಗೆ ತಿರುವುದೀಪ ಬೇಡ. ರಸ್ತೆಗೆ ಇಳಿಯುವ ಗಾಡಿಗೆ ಅದು ಬೇಕೇ ಬೇಕು. ಗಾಡಿ ಅದರ ಒಡೆಯನದು, ರಸ್ತೆ ಎಲ್ಲರದು. ಅದು ವರ್ಷಕ್ಕೆ ನಾಲ್ಕೇ ಬಾರಿ ಹೊರಬರುವುದೆಂಬ ಸಂಗತಿ ಆ ಸ್ಕೂಟರಿನ ಮೇಲಿದ್ದ ಮಗುವಿಗೆ ತಿಳಿಯದು, ತಿಳಿದರೂ ಅದರಿಂದ ಆ ಮಗುವಿಗೆ ಆಗುವ ರಕ್ಷಣೆಯೇನು? ಕೈಸನ್ನೆಯು ಕಾನೂನಿಗೆ ಒಪ್ಪಿತವಾದುದು ನಿಜ. ಆದರೆ ಅದರ ಮಿತಿಗಳನ್ನು ನೋಡಿರಿ. ನಮ್ಮ ದೇಶದಲ್ಲಿ ಚಾಲಕನು ಬಲಗಡೆ ಕುಳಿತಿರುತ್ತಾನೆ. ಅವನ ತೋಳು ಬಲಕ್ಕೆ ಚಾಚುತ್ತದೆ. ಎಡಕ್ಕೆ ತಿರುಗುವಾಗ ಅಪಾಯ ಯಾರಿಗೆ? ಎಡಬದಿಯಲ್ಲಿ ಬರುವವನಿಗೆ. ಅವನಿಗೋ ಗಾಡಿಯ ಒಡಲು ಅಡ್ಡವಾಗಿ ಆ ತೋಳೇ ಕಾಣದು. ಇನ್ನು ಜುಲೈ ತಿಂಗಳ ಮಳೆಯಲ್ಲಿ, ಮುಸ್ಸಂಜೆಯಲ್ಲಿ, ಕಿಟಕಿ ಮುಚ್ಚಿರುವಾಗ ಆ ಸನ್ನೆಯ ಗತಿಯೇನು? ಎದುರಿನಿಂದ ಬರುವವರ ದೀಪದ ಝಳಕಿನಲ್ಲಿ ಕಪ್ಪು ತೋಳನ್ನು ಕಂಡವರಾರು?

ಇದಕ್ಕಿಂತಲೂ ದೊಡ್ಡ ಕಾರಣವೊಂದಿದೆ. ಸನ್ನೆಯೆಂಬುದು ಒಂದು ಭಾಷೆ. ಆಡಿದವನು ಸರಿಯಾಗಿ ಆಡಿದರೆ ಸಾಲದು, ಕೇಳಿದವನಿಗೆ ಅರ್ಥವಾಗಬೇಕು. ನಾವು ಊರಿನಲ್ಲಿ ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿ ಈ ಮಹಾನಗರಕ್ಕೆ ಬಂದ ಹೊಸದರಲ್ಲಿ ಬಸ್ಸಿನ ಕಂಡಕ್ಟರನೊಡನೆ ಶುದ್ಧವಾದ ಕನ್ನಡವನ್ನೇ ಆಡಿ, ಇಳಿಯಬೇಕಾದ ಸ್ಥಳದಿಂದ ಮೂರು ನಿಲ್ದಾಣ ಮುಂದೆ ಇಳಿದುದುಂಟು. ನಮ್ಮ ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಕೇಳುವವನಿಗೆ ಆ ಭಾಷೆ ಬಾರದು, ಅಷ್ಟೆ. ಮನೆಯಲ್ಲಿ, ಶಾಲೆಯಲ್ಲಿ, ಹಬ್ಬಹರಿದಿನಗಳಲ್ಲಿ ಕನ್ನಡವನ್ನು ಬಾಳಿಸುವ ನಾವೆಲ್ಲರೂ ಬೀದಿಯಲ್ಲಿ ಮರಾಠಿಯನ್ನೂ ಹಿಂದಿಯನ್ನೂ ಆಡುತ್ತೇವೆ. ಅದರಿಂದ ನಮ್ಮ ಕನ್ನಡತನಕ್ಕೆ ಕುಂದು ಬಂದಿದೆಯೆ? ಇಲ್ಲ. ಹಾಗೆಯೇ ಆ ವೃದ್ಧರ ತೋಳಿನ ಸನ್ನೆ ವ್ಯಾಕರಣಶುದ್ಧವಾಗಿದ್ದಿತು. ಆದರೆ ರಸ್ತೆ ಆ ಭಾಷೆಯನ್ನು ಮರೆತಿದೆ. ನಮ್ಮ ಹನ್ನೆರಡು ಮಂದಿ ಜಾಣ ವಿದ್ಯಾರ್ಥಿಗಳಲ್ಲಿ ಒಬ್ಬನಿಗೂ ಅದು ತಿಳಿಯಲಿಲ್ಲವೆಂಬುದೇ ಸಾಕ್ಷಿ. ಮಿನುಗುವ ಕಿತ್ತಳೆ ಬಣ್ಣದ ದೀಪವು ಮೂರು ವರ್ಷದ ಕೂಸಿಗೂ ಅರ್ಥವಾಗುತ್ತದೆ.

ಹಾಗಾದರೆ ತೂತು ಕೊರೆಯುವ ಪ್ರಶ್ನೆ? ಕೊರೆಯದೆಯೇ ಹಾಕಬಹುದು, ನಮ್ಮ ಒತ್ತಾಯವೂ ಇದೇ. ಹಳೆಯ ಗಾಡಿಗಳಿಗಾಗಿಯೇ ಸ್ಟಿಯರಿಂಗಿನ ಕಂಬಕ್ಕೆ ಪಟ್ಟಿಯಿಂದ ಬಿಗಿಯುವ ಸ್ವಿಚ್ಚುಗಳಿವೆ. ತಿರುಪು ಸಡಿಲಿಸಿದರೆ ಗುರುತಿಲ್ಲದೆ ಹೊರಬರುತ್ತವೆ. ಮುಂದಿನ ಹಳೆಯ ಪಾರ್ಕಿಂಗ್ ದೀಪದ ಗಾಜನ್ನು ಮುಟ್ಟದೆ, ಒಳಗೆ ಎರಡು ತಂತುಗಳುಳ್ಳ ಕಿತ್ತಳೆ ಬಣ್ಣದ ಬಲ್ಬನ್ನೂ ಅದಕ್ಕೆ ತಕ್ಕ ಹೋಲ್ಡರನ್ನೂ ಇರಿಸಬಹುದು. ಹಿಂದೆ ಬಂಪರಿನ ಬೋಲ್ಟುಗಳಿಗೇ ಒಂದು ಪಟ್ಟಿಯನ್ನು ಸಿಕ್ಕಿಸಿ ಅದರ ಮೇಲೆ ಎರಡು ಪುಟ್ಟ ದೀಪಗಳನ್ನು ನಿಲ್ಲಿಸಬಹುದು. ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ತಿರುವುದೀಪವು ಕಿತ್ತಳೆ ಬಣ್ಣದ್ದಾಗಿದ್ದು ನಿಮಿಷಕ್ಕೆ 60ಕ್ಕೆ ಕಡಿಮೆಯಿಲ್ಲದೆ, 120ಕ್ಕೆ ಮೀರದೆ ಮಿನುಗತಕ್ಕದ್ದು. ಅದನ್ನು ಪಾಲಿಸುವುದು ಕಷ್ಟವಲ್ಲ. 2021ರಲ್ಲಿ 50 ವರ್ಷ ಮೀರಿದ ಕಾರು ಮತ್ತು ದ್ವಿಚಕ್ರ ವಾಹನಗಳಿಗಾಗಿ ಬಂದ ನಿಯಮಗಳೂ ಚಾಸಿ, ಒಡಲು, ಇಂಜಿನು ಇವುಗಳ ಭಾರಿ ಮಾರ್ಪಾಟನ್ನು ಮುಖ್ಯವಾಗಿ ಎಣಿಸಿವೆ. ಅವು ಪಿಕಪ್ಪಿಗಾಗಿ ಬರೆದುವಲ್ಲವಾದರೂ ಅವುಗಳ ತತ್ತ್ವ ಇಲ್ಲಿಯೂ ಸಲ್ಲುತ್ತದೆ. ಬಿಚ್ಚಿಡಬಹುದಾದ ದೀಪದಿಂದ ಗಾಡಿಯ ಜಾತಕ ಕೆಡುವುದಿಲ್ಲ.

ವಿಜ್ಞಾನದಲ್ಲಿ ಆಸಕ್ತಿಯುಳ್ಳವರಿಗೆ ಇಲ್ಲೊಂದು ಪಾಠವಿದೆ. 1950ರ ದಶಕದ ಮೊದಲರ್ಧದ ಶೆವ್ರೊಲೆ, ಫೋರ್ಡ್ ಪಿಕಪ್ಪುಗಳ ವಿದ್ಯುತ್ತು 6 ವೋಲ್ಟಿನದು. ಇಂದಿನ ಕಾರುಗಳದು 12. 21 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಒಂದೂಮುಕ್ಕಾಲು ಆಂಪಿಯರ್ ಎಳೆದರೆ, ಅಷ್ಟೇ ವ್ಯಾಟಿನದು 6 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್ ಎಳೆಯುತ್ತದೆ. ಆದುದರಿಂದ ದಪ್ಪ ತಂತಿ ಬೇಕು, ತುಕ್ಕಿಲ್ಲದ ಅರ್ಥಿಂಗ್ ಬೇಕು, ಫ್ಯೂಸ್ ಬೇಕು. ಹಳೆಯ ಬಗೆಯ ಫ್ಲ್ಯಾಶರಿನೊಳಗಿನ ಲೋಹದ ಪಟ್ಟಿ ವಿದ್ಯುತ್ತು ಹರಿದಾಗ ಕಾಯ್ದು ಬಾಗಿ ಸಂಪರ್ಕವನ್ನು ಕಡಿಯುತ್ತದೆ, ತಣ್ಣಗಾಗಿ ಮತ್ತೆ ಕೂಡಿಸುತ್ತದೆ. ದೀಪ ಮಿನುಗುವುದು ಹೀಗೆ. ಎಲ್‌ಇಡಿ ದೀಪಗಳು ಎಳೆಯುವ ವಿದ್ಯುತ್ತು ಅತ್ಯಲ್ಪವಾದುದರಿಂದ ಆ ಪಟ್ಟಿ ಕಾಯುವುದಿಲ್ಲ. ಅವುಗಳಿಗೆ ಎಲೆಕ್ಟ್ರಾನಿಕ್ ಫ್ಲ್ಯಾಶರ್ ಬೇಕು. 1955ರವರೆಗಿನ ಫೋರ್ಡಿನಲ್ಲಂತೂ ಬ್ಯಾಟರಿಯ ಧನ ತುದಿ ಚಾಸಿಗೆ ಸೇರಿರುತ್ತದೆ. ಇಂದಿನ ರೂಢಿಗೆ ಇದು ತಿರುಗುಮುರುಗು. ತಿಳಿಯದೆ ಜೋಡಿಸಿದರೆ ಹೊಸ ಸಲಕರಣೆ ಸುಟ್ಟೀತು. ಹಳೆಯದಕ್ಕೆ ಹೊಸದನ್ನು ಕೂಡಿಸುವವನು ಹಳೆಯದನ್ನು ಮೊದಲು ಚೆನ್ನಾಗಿ ಓದಿಕೊಳ್ಳಬೇಕು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕಾಗಿದೆ. ಹೀಗೆ ಹೊರಗಿನಿಂದ ಬಿಗಿದ ಸ್ವಿಚ್ಚುಗಳಲ್ಲಿ ಅನೇಕವು ತಿರುವು ಮುಗಿದ ಮೇಲೆ ತಾವಾಗಿ ಹಿಂದಿರುಗುವುದಿಲ್ಲ. ಚಾಲಕನು ಮರೆತರೆ ದೀಪ ಮೈಲುಗಟ್ಟಲೆ ಮಿನುಗುತ್ತಲೇ ಇರುತ್ತದೆ. ಸುಳ್ಳು ಸನ್ನೆ ಸನ್ನೆಯಿಲ್ಲದುದಕ್ಕಿಂತ ಕೆಟ್ಟದು; ಏಕೆಂದರೆ ನೋಡುವವನು ಅದನ್ನು ನಂಬಿ ನಡೆಯುತ್ತಾನೆ. ಹೊಸ ಕಾರುಗಳಲ್ಲಿ ಎಲ್ಲ ದೀಪಗಳೂ ಇದ್ದು, ಅವನ್ನು ಹಾಕುವಷ್ಟು ಸೌಜನ್ಯವಿಲ್ಲದೆ ತಿರುಗುವವರನ್ನು ನಾವು ನಿತ್ಯವೂ ಕಾಣುತ್ತೇವೆ. ಅವರಿಗಿಂತ ತೋಳು ತಿರುಗಿಸಿದ ಆ ವೃದ್ಧರೇ ಮೇಲು. ಅವರು ತಮ್ಮ ಉದ್ದೇಶವನ್ನು ತಿಳಿಸಲು ತಮ್ಮಿಂದಾದುದನ್ನು ಮಾಡಿದರು. ಅವರ ಗಾಡಿಗೆ ಬೇಕಾದುದು ದೀಪ. ಇವರಿಗೆ ಬೇಕಾದುದು ವಿವೇಕ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ವಾಹನಗಳನ್ನು ದುರಸ್ತಿ ಮಾಡುವವರಾಗುವಿರಿ, ಬಹುಮಂದಿ ನಡೆಸುವವರಾಗುವಿರಿ, ಎಲ್ಲರೂ ರಸ್ತೆಯನ್ನು ದಾಟುವವರೇ. ನಮ್ಮ ವಿನಂತಿ ಎರಡು. ಹಳೆಯ ಗಾಡಿಯೊಂದು ನಿಮ್ಮ ಕೈಗೆ ಬಂದರೆ ಅದರ ಮೈಯನ್ನು ಕೊರೆಯಬೇಡಿರಿ, ಆದರೆ ಅದನ್ನು ಮೂಕವಾಗಿ ರಸ್ತೆಗಿಳಿಸಲೂಬೇಡಿರಿ. ಎರಡನೆಯದಾಗಿ, ಹಳೆಯ ಕೈಸನ್ನೆಗಳನ್ನೂ ಕಲಿಯಿರಿ. ಬಲಕ್ಕೆ ತಿರುಗುವಾಗ ಬಲದೋಳು ನೇರವಾಗಿ ಹೊರಕ್ಕೆ. ಎಡಕ್ಕಾದರೆ ಅದನ್ನು ಗಡಿಯಾರಕ್ಕೆ ವಿರುದ್ಧವಾಗಿ ತಿರುಗಿಸುವುದು. ನಿಲ್ಲುವಾಗ ಮುಂಗೈ ಮೇಲಕ್ಕೆ. ನಿಧಾನಿಸುವಾಗ ಅಂಗೈ ಕೆಳಮುಖವಾಗಿ ಚಾಚಿದ ತೋಳನ್ನು ಮೇಲೆ ಕೆಳಗೆ ಆಡಿಸುವುದು. ಬಲ್ಬು ಸುಟ್ಟ ದಿನ, ಸೈಕಲಿನ ಮೇಲೆ ಹೋಗುವ ದಿನ ಅವೇ ನಿಮ್ಮ ನೆರವಿಗೆ ಬರುತ್ತವೆ. ಮುಂದಿನ ಚಳಿಗಾಲದಲ್ಲಿ ಆ ಹಸಿರು ಗಾಡಿಯನ್ನು ನೋಡಲು ನಾವು ಮತ್ತೆ ಹೋಗುವೆವು. ಅಂದು ಅದರ ಎಡಗಡೆಯಲ್ಲೊಂದು ಕಿತ್ತಳೆ ದೀಪ ಮಿನುಗುವುದನ್ನು ಕಾಣುವ ಆಸೆ ನಮಗಿದೆ. ಕಿಟಕಿಯಿಂದ ತೋಳೊಂದು ಹೊರಬಂದರೂ ಈ ಬಾರಿ ನಮ್ಮ ಹುಡುಗರು ನಗಲಾರರು.